ಸಾವಕ್ಕನ ಮಾಳಿಗೆಗೆ ಹಾಕಿದ ಮಣ್ಣು

ಬೆಟಗೇರಿ
೨೧ ಏಪ್ರಿಲ್ ೨೦೨೫

ಅಖಂಡ ಲಕ್ಷ್ಮೇಶ್ವರ ತಾಲೂಕಿನ ಕೂಲರ್ ಕುಲತಿಲಕ, ಸುಟ್ಟ ಮೋಟಾರುಗಳ ಪುನರ್ಜನ್ಮದಾತ, ಹುಲ್ಲಿನ ಪ್ಯಾಡುಗಳ ಹುಲಿ, ಮೂರು ಸ್ಕ್ರೂಡ್ರೈವರುಗಳ ಏಕಮೇವ ಸಾಮ್ರಾಟ ಶ್ರೀಮಾನ್ ರಮೀಜ ಮಲಂಗಸಾಬ ನದಾಫ ಅವರ ದಿವ್ಯ ಸನ್ನಿಧಿಗೆ,

ಬೆಟಗೇರಿಯ ಸರ್ವಋತು ಗೃಹಸೇವಾ ಕೇಂದ್ರದ ಉಳಿದರ್ಧ ಮಾಲೀಕನಾದ ಲೋಹಿತನು ಸಾಷ್ಟಾಂಗ ಬಿದ್ದು, ನೆಲ ಸುಡುತ್ತಿರುವುದರಿಂದ ಚಾಪೆ ಹಾಸಿಕೊಂಡು, ಮಾಡಿಕೊಳ್ಳುವ ವಿಜ್ಞಾಪನೆ.

ತಾವು ನನ್ನ ನಂಬರನ್ನು ಬ್ಲಾಕ್ ಮಾಡಿ ಇಂದಿಗೆ ಹದಿನಾರು ದಿನ. ಬೇರೆಯವರ ಫೋನಿನಿಂದ ಮಾಡಿದರೂ ನನ್ನ ಉಸಿರು ಕೇಳಿಯೇ ಕಟ್ ಮಾಡುತ್ತೀರಿ. ಆದ್ದರಿಂದ ಅಜ್ಜಂದಿರ ದಾರಿ ಹಿಡಿದು ಅಂಚೆ ಕಚೇರಿಗೆ ಹೋದೆ. ಇನ್‌ಲ್ಯಾಂಡ್ ಪತ್ರ ಕೇಳಿದ ಕೂಡಲೇ ಕೌಂಟರಿನ ಹಿಂದಿದ್ದವರು ಕನ್ನಡಕ ಇಳಿಸಿ, "ಯಾರರೆ ತೀರಿಕೊಂಡಾರೇನಪಾ?" ಎಂದರು. "ದೋಸ್ತಿ ರೀ" ಎಂದೆ. ಒಂದರ ಬದಲು ಎರಡು ಕೊಟ್ಟರು.

ಈಗ ಅಪರಾಧ ನಿವೇದನೆ. ಏಪ್ರಿಲ್ ಐದರಂದು ಮುಂಡರಗಿಯ ಕಲ್ಯಾಣಮಂಟಪದ ಮ್ಯಾನೇಜರನ ದನಿ ತೆಗೆದು ನಿನಗೆ ಫೋನ್ ಮಾಡಿ, "ಇಪ್ಪತ್ತೆರಡು ಕೂಲರ್ ಸರ್ವಿಸ್ ಆಗಬೇಕು, ಇವತ್ತೇ ಬರ್ರಿ" ಎಂದವನು ನಾನೇ. ಅಂಥ ಮಂಟಪ ಅಲ್ಲಿ ಇಲ್ಲ. ನೀನು ದನಿ ಗುರುತಿಸಿ, "ಸಾಕ್ ಮಾಡಲೇ ಲೋಹ್ಯಾ" ಎನ್ನುತ್ತೀ ಎಂದುಕೊಂಡಿದ್ದೆ. ನೀನು ಪ್ಯಾಡಿನ ಗಂಟು ಹೊತ್ತು ಖರೇನೇ ಬಸ್ ಹತ್ತಿದ್ದು ನನಗೆ ಮೊದಲನೆಯ ಆಘಾತ. ಸಂಜೆ ತಿರುಗಿ ಬಂದು, ಒಂದು ಮಾತೂ ಬೈಯದೆ, ಅಂಗಡಿಯ ಕೀಲಿಕೈಯನ್ನು ಟೇಬಲ್ಲಿನ ಮೇಲಿಟ್ಟು ಊರಿಗೆ ಹೋದದ್ದು ಎರಡನೆಯದು. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಇಲ್ಲಿ ಬಿಸಿಲು ನಲವತ್ತೊಂದು. ಕೂಲರುಗಳು ಅಂಗಡಿಯ ಮುಂದೆ ಸಾಲು ನಿಂತಿವೆ. ರಿಪೇರಿ ನಿನ್ನದು, ಮಾತು ನನ್ನದು ಎಂದು ಹಂಚಿಕೊಂಡಿದ್ದೆವಲ್ಲ, ಈಗ ಮಾತೊಂದೇ ಉಳಿದಿದೆ. ಮೊನ್ನೆ ಒಬ್ಬರ ಕೂಲರಿನ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದೆ. ಗಾಳಿಯೆಲ್ಲ ಕಿಟಕಿಯಾಚೆ ಹೋಗಿ, ಅಲ್ಲಿ ಕಟ್ಟಿದ್ದ ಅವರ ಎಮ್ಮೆ ಎರಡು ದಿನ ತಂಪಾಗಿ ಮಲಗಿತು.

ನಾವು ದಿನವೂ ಉಣ್ಣುವ ಖಾನಾವಳಿಯ ಸಾವಕ್ಕ ನಿನ್ನನ್ನು ಕೇಳಿದಳು. ಉನ್ನತ ವ್ಯಾಸಂಗಕ್ಕೆ ಹೋಗಿದ್ದಾನೆ ಎಂದೆ. "ನಿನ್ನ ಕಾಟಕ್ಕ ಹೋಗ್ಯಾನ ತಗೋ" ಎಂದಳು.

ಬಾ ಮಾರಾಯ.

ತಮ್ಮ ಕ್ಷಮೆಗಾಗಿ ಬಾಯ್ದೆರೆದು ಕುಳಿತ
ಲೋಹಿತ

*

ಲಕ್ಷ್ಮೇಶ್ವರ
೨೬ ಏಪ್ರಿಲ್ ೨೦೨೫

ಲೋಹಿತ,

ಕಾಗದ ಬಂತು. ವಿಳಾಸದ ಜಾಗದಲ್ಲೂ ಬಿರುದು ಬರೆದಿದ್ದೀ. ಪೋಸ್ಟಮನ್ ಅದನ್ನು ಓಣಿಗೆಲ್ಲ ಕೇಳುವಂತೆ ಓದಿ ಕೊಟ್ಟ. ಕೋರ್ಟಿನದು ಎಂದು ಅಮ್ಮಾ ಹೆದರಿದಳು.

ಬಿಸಿಲಿನಲ್ಲಿ ಅಲೆದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿನಗೆ ನಾಲ್ಕು ಸಲ ಫೋನ್ ಮಾಡಿದೆ. ಮಂಟಪ ಸಿಗುತ್ತಿಲ್ಲ, ಗಿರಾಕಿ ಕಾಯುತ್ತಿರಬೇಕು, ನಮ್ಮ ಅಂಗಡಿಯ ಹೆಸರು ಕೆಡುತ್ತದೆ ಎಂಬ ಚಿಂತೆ ನನಗೆ. ಮೂರು ಸಲ ನೀನು, "ಇನ್ನೊಬ್ಬರನ್ನ ಕೇಳಿ ನೋಡಲೇ, ಅಲ್ಲೇ ಇರಬೇಕು" ಎಂದೆ. ನಾಲ್ಕನೇ ಸಲ ನೀನು ನಕ್ಕುಬಿಟ್ಟೆ. ಅದಕ್ಕೆ ಕೀಲಿ ಇಟ್ಟು ಬಂದೆ. ನಿನ್ನ ಯಾವ ಮಾತು ಖರೆ, ಯಾವುದು ಆಟ ಎಂದು ದಿನವೂ ತೂಗುತ್ತ ಕೂರಲು ನನ್ನಿಂದಾಗುವುದಿಲ್ಲ.

ಜೊತೆಗೆ ದುಡಿದದ್ದಕ್ಕೆ ಒಂದು ಮಾತು ಹೇಳುತ್ತೇನೆ. ಕೂಲರಿನ ಕೆಲಸ ಮೇ ಮುಗಿಯುವ ತನಕ. ಹೋದ ವರ್ಷವೂ ಹೇಳಿದ್ದೆ: ಮಳೆಗೆ ಮುಂಚೆ ಹಳೆಯ ಮನೆಗಳ ಮಣ್ಣಿನ ಮಾಳಿಗೆ ಸೋರದಂತೆ ಮೇಲೆ ಹೊಸ ಮಣ್ಣು ಹಾಕೋಣ, ಮಳೆಗಾಲದಲ್ಲಿ ನೀರಿನ ಟ್ಯಾಂಕು ತೊಳೆಯೋಣ, ದಸರಾಕ್ಕೆ ಸುಣ್ಣ ಬಣ್ಣ ಹಿಡಿಯೋಣ ಅಂತ. ಒಂದು ಕೆಲಸ ನಿಲ್ಲುವಷ್ಟರಲ್ಲಿ ಇನ್ನೊಂದು ಶುರುವಾಗಿರಬೇಕು. ಬೋರ್ಡಿನ ಮೇಲೆ ಸರ್ವಋತು ಎಂದು ಬರೆಸಿದ್ದೇವಲ್ಲ, ಋತುಗಳಿಗೆ ಅಷ್ಟು ಮರ್ಯಾದೆ ಸಾಕು ಎಂದು ನೀನು ನಕ್ಕಿದ್ದೆ.

ಫ್ಯಾನಿನ ಮೇಲೆ ಬಾಣದ ಗುರುತು ಇರುತ್ತದೆ. ನೋಡಿ ಕೂರಿಸು.

ರಮೀಜ

*

ಬೆಟಗೇರಿ
೧೪ ಮೇ ೨೦೨೫

ಋತುಶಾಸ್ತ್ರ ಪಾರಂಗತ, ಮೋಡಗಳ ಮನದಿಂಗಿತ ಬಲ್ಲ ಮಹಾನುಭಾವ ರಮೀಜ ಮಹೋದಯರ ಪಾದಾರವಿಂದಗಳಿಗೆ,

ತಮ್ಮ ಭವಿಷ್ಯವಾಣಿಯಲ್ಲಿ ಒಂದೇ ಒಂದು ತಪ್ಪು. ಕೂಲರ್ ಮೇ ಮುಗಿಯುವ ತನಕ ಎಂದಿರಿ. ಅದು ಆರನೇ ತಾರೀಕಿಗೇ ಸತ್ತಿತು.

ಅಂದು ಮಧ್ಯಾಹ್ನ ಹನ್ನೊಂದು ಮನೆಯವರು ಪಾಳಿಯಲ್ಲಿದ್ದರು. ನಾಲ್ಕಕ್ಕೆ ಮುಗಿಲು ಕಪ್ಪಾಗಿ ಆಲಿಕಲ್ಲು ಬಿತ್ತು. ಆರರೊಳಗೆ ಒಂಬತ್ತು ಫೋನು. "ಫ್ಯಾನ್ ಹಚ್ಚಿದ್ರನ ಥಂಡಿ ಹತ್ತಾಕತ್ತೈತ್ರಿ, ಇನ್ನ ಮುಂದಿನ ವರ್ಷ ನೋಡೂಣು." ಮುಂದಿನ ವರ್ಷ. ನಾನು ಫೋನ್ ಕಿವಿಗೆ ಹಿಡಿದು ನಿಂತೇ ಇದ್ದೆ. ಯಾರೋ ದನಿ ಬದಲಿಸಿ ಆಟ ಆಡುತ್ತಿದ್ದಾರೆ ಎಂದುಕೊಂಡು ಒಬ್ಬರಿಗೆ ತಿರುಗಿ ಫೋನ್ ಮಾಡಿಯೂ ಕೇಳಿದೆ. ಆಟವಲ್ಲ. ಅಂದಿನಿಂದ ದಿನವೂ ಮಳೆ. ಅಂಗಡಿಯಲ್ಲಿ ಹುಲ್ಲಿನ ಪ್ಯಾಡುಗಳು ಬಣವಿಯಂತೆ ಕೂತಿವೆ. ನಿನ್ನೆ ಒಂದು ಆಡು ಬಂದು ವಿಚಾರಿಸಿಕೊಂಡು ಹೋಯಿತು.

ಉಣ್ಣಲು ಕೂತಾಗ ಸಾವಕ್ಕ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು.

"ಯಾಕಲೇ, ಇವತ್ತ ನಗಿಯಿಲ್ಲ, ಚಾಷ್ಟಿಯಿಲ್ಲ. ಹೊಟ್ಟಿ ನೋಯಾಕತ್ತೈತೇನು?"

"ಕೂಲರ್ ಸತ್ತವ್ರೀ ಅಕ್ಕಾ."

"ಬೋರ್ಡ್ ಮ್ಯಾಲೆ ಎಲ್ಲಾ ಕಾಲಕ್ಕೂ ಅಂತ ಬರಸೀರಿ. ಒಂದ ಕಾಲ ಹೋಗೂದ್ರಾಗ ಕಣ್ಣ ತಿರವಿದ್ಯಲ್ಲೋ. ಇಲ್ಲೆ ನೋಡು." ಅವಳು ಬೊಟ್ಟು ಮಾಡಿದ ಕಡೆ ತೊಲೆಯ ಸಂದಿಯಿಂದ ನೀರಿಳಿದು ಗೋಡೆಗೆ ಕರೆಗಟ್ಟಿತ್ತು. "ಹ್ವಾದ ವರ್ಷ ನಮ್ಮ ಮ್ಯಾಳಗಿಗೆ ಮಣ್ಣ ಬಿದ್ದಿಲ್ಲ. ಹಾಕವ್ರ ಉಳದಿಲ್ಲ, ಎಲ್ಲಾರೂ ಸ್ಲ್ಯಾಬ್ ಹಾಕಾಕ ಹ್ವಾದ್ರು. ಮೊದಲ ನಿಮ್ಮ ರಮೀಜನ ಅಪ್ಪ ಮಲಂಗಸಾಬ ಬಂದ ಹಾಕತಿದ್ದ. ನೀವ್ಯಾಕ ಹಾಕಬಾರ್ದು?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಚನ್ನಮ್ಮ ತಲೆ ಎತ್ತದೆಯೇ, "ಇಂವಾ ಏರಿದ್ರ ಮ್ಯಾಳಗೀನ ನಗತೈತಿ" ಎಂದಳು.

ಅದು ನನಗೆ ತಾಗಿತು. "ಹಾಕತೀನ್ರೀ ಅಕ್ಕಾ" ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲದೆ ಸಂಜೆಯೊಳಗೆ ಬೆಟಗೇರಿಯಲ್ಲಿ ಇನ್ನೂ ಐದು ಮಾಳಿಗೆ ಮನೆ ಒಪ್ಪಿಕೊಂಡೆ. ಮಣ್ಣಿನ ವಿಷಯದಲ್ಲಿ ನನಗಿರುವ ಒಟ್ಟು ಪಾಂಡಿತ್ಯವೆಂದರೆ ಅದು ಕಾಲ ಕೆಳಗಿರುತ್ತದೆ ಎಂಬುದು. ನೀನು ಬಾ. ಬರಲಾರೆ ಎಂದರೆ ಮಲಂಗಸಾಬ ಚಾಚಾನನ್ನು ಕೇಳಿ ಬರೆದು ಕಳಿಸು.

ಮಳೆಯಲ್ಲಿ ನೆನೆದ ಬೆಕ್ಕಿನಂಥ
ಲೋಹಿತ

*

ಲಕ್ಷ್ಮೇಶ್ವರ
೧೮ ಮೇ ೨೦೨೫

ಲೋಹಿತ,

ನಾನು ಬರುವುದಿಲ್ಲ. ಬೆಳ್ಳಟ್ಟಿಯಲ್ಲಿ ಪಂಪಿನ ಮೋಟಾರುಗಳ ಕೆಲಸ ಹಿಡಿದಿದ್ದೇನೆ. ಅಬ್ಬಾ ಹೇಳಿದ್ದನ್ನು ಬರೆಯುತ್ತೇನೆ.

ಮಾಳಿಗೆಗೆ ಬೇಕಾದದ್ದು ಸವಳು ಮಣ್ಣು, ಉಪ್ಪು ಕೂಡಿದ್ದು. ನೀರು ಬಿದ್ದರೆ ಅದು ಬಿಗಿದುಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ. ಬರೀ ಮಣ್ಣು ಹಾಗಲ್ಲ, ನೀರು ಕುಡಿದು ಭಾರವಾಗಿ ತೊಲೆಗಳ ಮೇಲೆ ಕೂರುತ್ತದೆ. ಸವಳು ಯಳವತ್ತಿ ಹಳ್ಳದ ಹತ್ತಿರ ಸಿಗುತ್ತದೆ. ಆದರೆ ಅಲ್ಲಿಯದೆಲ್ಲ ಸವಳಲ್ಲ, ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಹೇರುವ ಮುಂಚೆ ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು ನೋಡಬೇಕು. ಉಪ್ಪು ಹತ್ತಿದರೆ ಹೇರು, ಇಲ್ಲದಿದ್ದರೆ ಬಿಡು. ಪ್ರತಿ ಹೇರಿಗೂ ನೋಡು.

"ಕಣ್ಣ ಮೋಸ ಮಾಡತೈತಿ, ನಾಲಿಗಿ ಮಾಡಂಗಿಲ್ಲ ಅಂತ ಬರಿ" ಎಂದು ಅಬ್ಬಾ ಎರಡು ಸಲ ಹೇಳಿದರು.

ಮಳೆ ಜೋರಿದ್ದರೆ ನಾಲ್ಕು ದಿನ ತಡ ಮಾಡು. ತಡವಾದರೆ ಸೋರುತ್ತದೆ, ಅಷ್ಟೇ.

ರಮೀಜ

*

ಬೆಟಗೇರಿ
೨೪ ಮೇ ೨೦೨೫

ಮೃತ್ತಿಕಾ ಭೋಜನ ಪ್ರಚಾರಕ, ಸೇಡಿನ ಶಿರೋಮಣಿ, ಕಪಟನಾಟಕ ಸೂತ್ರಧಾರಿ ರಮೀಜ ಮಹಾಶಯರಿಗೆ,

ಅಭಿನಂದನೆಗಳು. ತಾವು ಕೊನೆಗೂ ಚಾಷ್ಟಿ ಕಲಿತಿರಿ.

ಮುಂಡರಗಿಯ ಲೆಕ್ಕವನ್ನು ಯಳವತ್ತಿಯಲ್ಲಿ ಚುಕ್ತಾ ಮಾಡಲು ಹೊರಟಿರಲ್ಲವೆ. ನಾನು ಬಾಡಿಗೆಗೆ ಹಿಡಿದ ಹೊನ್ನೇಶನ ಟ್ರ್ಯಾಕ್ಟರಿನ ಮುಂದೆ ಮಂಡಿಯೂರಿ ಮಣ್ಣು ನೆಕ್ಕುವುದನ್ನು ಬೆಳ್ಳಟ್ಟಿಯಲ್ಲಿ ಕೂತು ಊಹಿಸಿಕೊಂಡು ಎಷ್ಟು ನಕ್ಕಿರೋ. "ಪ್ರತಿ ಹೇರಿಗೂ ನೋಡು" ಎಂದದ್ದಂತೂ ನುರಿತ ಕೈಯ ಕೆಲಸ. ಚಾಚಾ ಎರಡು ಸಲ ಹೇಳಿದರು ಎಂದು ಸಾಕ್ಷಿ ಹಾಕಿದ್ದು ಅದಕ್ಕಿಂತ ಮೇಲು. ಆದರೆ ಗುರುವಿಗೇ ತಿರುಮಂತ್ರ ನಡೆಯುವುದಿಲ್ಲ. ನಾನು ನಾಲಿಗೆಯನ್ನು ಹಲ್ಲಿನ ಹಿಂದೆ ಭದ್ರವಾಗಿಟ್ಟುಕೊಂಡೇ ಮೂರು ಹೇರು ಹೇರಿಸಿದೆ. ಯಳವತ್ತಿಯದೇ ಮಣ್ಣು. ಬೆಳ್ಳಗಿದೆ. ಸಾಕಲ್ಲ.

ನಿನ್ನೆ ಸಾವಕ್ಕನ ಮಾಳಿಗೆಗೆ ಹಾಕಿ ಮುಗಿಸಿದೆವು. ಮೊಣಕಾಲು ನೋವಿಗೆ ಅವಳು ಏಣಿ ಹತ್ತಲಾರಳು. ಅಂಗಳದಲ್ಲಿ ನಿಂತು ಹಣೆಗೆ ಕೈ ಹಚ್ಚಿ ಮೇಲೆ ನೋಡಿ, "ಹೆಂಗೈತೋ ಮಣ್ಣು?" ಎಂದಳು. "ಪಸಂದ್ ಐತ್ರೀ" ಎಂದೆ. ಚನ್ನಮ್ಮನೂ ಹೊರಗೆ ಬಂದು ನೋಡಿದಳು. ನಗಲಿಲ್ಲ. ಅವಳಿಂದ ಅದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಗದಗ ಜಿಲ್ಲೆಯಲ್ಲಿ ಯಾರೂ ಪಡೆದಿಲ್ಲ.

ಸರ್ವಋತು ಕೇಂದ್ರವು ತನ್ನ ಎರಡನೆಯ ಋತುವಿಗೆ ಬಲಗಾಲಿಟ್ಟು ಪ್ರವೇಶಿಸಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಮುಂದಿನ ವಾರ ಉಳಿದ ಐದು ಮನೆ. ನಿನಗೆ ಹೊಟ್ಟೆಕಿಚ್ಚಾದರೆ ಬಂದು ಬುಟ್ಟಿ ಹೊರಬಹುದು.

ಮಣ್ಣು ತಿನ್ನದ
ಲೋಹಿತ

*

ಬೆಟಗೇರಿ
೨೮ ಮೇ ೨೦೨೫
ಹೇಳಿದವಳು ಸಾವಕ್ಕ, ಬರೆದವನು ಲೋಹಿತ

ರಮೀಜಗ ಸಾವಕ್ಕನ ಆಶೀರ್ವಾದ.

ಇದನ್ನ ಲಕ್ಷ್ಮೇಶ್ವರ ಬಸ್ಸಿನ ಡ್ರೈವರನ ಕೈಯಾಗ ಕೊಟ್ಟ ಕಳಸಾಕತ್ತೀನಿ. ಆಂವಾ ನಮ್ಮಲ್ಲೇ ಉಣ್ತಾನ. ಈ ಹುಡುಗನ ಫೋನ್ ಮಣ್ಣಾಗ ಹೋತು, ನಿನ್ನ ನಂಬರ್ ಅದರಾಗ ಹೋತು. ನಾ ಹೇಳಿದ್ದನ್ನ ಇಂವಾ ಬರಿಯಾಕತ್ತಾನ. ಬಿಟ್ಟ ಬರದ್ರ ಚನ್ನಮ್ಮ ಓದಿ ಹಿಡೀತಾಳ. ಆಕಿ ಕೈ ಮುರದೈತಿ, ಕಣ್ಣ ನೆಟ್ಟಗದಾವ.

ನಿನ್ನಿ ಮಧ್ಯಾಹ್ನ ಮ್ಯಾಳಗಿ ಬಿತ್ತು. ಉಣ್ಣವ್ರೆಲ್ಲಾ ಎದ್ದ ಹೋಗಿದ್ರು, ಅದೊಂದ ಪುಣ್ಯಾ. ಒಲಿ ಕಡೆದ ಎರಡ ತೊಲಿ ನಡಕಿನ ಒಂದ ಅಂಕಣ ಪೂರಾ ಇಳೀತು. ಮೊದಲ ಕಟಿಗಿ ಮುರದಂಗ ಸಪ್ಪಳಾತು. ನಾ ಬೆಕ್ಕ ಅಂದ್ಕೊಂಡೆ. ಆಮ್ಯಾಲೆ ಬೆಳಕ ಬಂತು. ನಲವತ್ತ ವರ್ಷದಾಗ ಆ ಅಡಗಿಮನಿಗೆ ಎಂದೂ ಬರದಂಥಾ ಬೆಳಕ. ಅದನ್ನ ನೋಡ್ಕೋತ ನಿಂತಬಿಟ್ಟೆ.

ಚನ್ನಮ್ಮ ಒಲಿ ಮುಂದಿದ್ಲು. ಇಂವಾ ಬಾಗಲದಾಗ ಫೋನ್ ನೋಡ್ಕೋತ ನಿಂತಿದ್ದ. ಅದನ್ನ ಒಗದು ಒಳಗ ಹೊಕ್ಕ, ಬರಿಗೈಲೆ ಮಣ್ಣ ತೋಡಿ ಆಕೀನ್ನ ಎಳದ. ಇದನ್ನೂ ಬರಿಯಪಾ, ನಾಚಬ್ಯಾಡ. ಆಕಿ ಬಲಗೈ ಮಣಿಕಟ್ಟ ಮುರದೈತಿ. ದವಾಖಾನ್ಯಾಗ ಎರಡ ತಿಂಗಳ ರೊಟ್ಟಿ ಬಡೀಬ್ಯಾಡ ಅಂದಾರ, ಆಮ್ಯಾಲೂ ಮೊದಲಿನಂಗ ಆಗತೈತೋ ಇಲ್ಲೋ ಅಂದಾರ. ಈ ಖಾನಾವಳಿ ನಡದದ್ದ ಆ ಕೈಮ್ಯಾಲೆ.

ಮಣ್ಣ ಹಾಕಿದ ಮೂರ ದಿನಕ್ಕ ಮ್ಯಾಲೆ ಹಸರ ಚಿಗತಿತ್ತು. ಬಾಜೂ ಮನಿಯವ್ರ ಬಂದ ಹೇಳಿದ್ರ ಇಂವಾ "ಅಕ್ಕಾ, ನಿಮಗ ತೋಟ ಪುಕ್ಕಟ ಬಂತ್ರೀ" ಅಂದ. ನಾನೂ ನಕ್ಕೆ.

ಮಣ್ಣ ನಾಲಿಗಿಗೆ ಹಚ್ಚಿ ನೋಡು ಅಂತ ನೀ ಬರದಿದ್ದೆಂತ. ಚಾಷ್ಟಿ ಅಂತ ತಿಳದ ಇಂವಾ ನೋಡಲಿಲ್ಲಂತ. ಅಳಕೋತ ಹೇಳಿದ. ಏನಂತ ಬೈಲಿ ಇವಗ. ಎಲ್ಲಾರಿಗೂ ಚಾಷ್ಟಿ ಮಾಡಾಂವಗ ಎಲ್ಲಾರ ಮಾತೂ ಚಾಷ್ಟೀನ ಕಾಣತಾವ. ಚನ್ನಮ್ಮ ಅಂತೂ "ಮಣ್ಣ ತಿನ್ನು ಅಂದ್ರ ಯಾರ ನಂಬ್ತಾರ ಬಿಡ್ರೀ ಅಕ್ಕಾ" ಅಂತ ಅವನ್ನ ಸಮಾಧಾನ ಮಾಡಾಕತ್ತಾಳ.

ನಿಮ್ಮ ಅಪ್ಪನ್ನ ಕರಕೊಂಡ ಬಾ. ಉಳದ ಅಂಕಣದ ಮ್ಯಾಲೂ ಅದ ಮಣ್ಣೈತಿ. ಮಳಿ ನಿಂತಿಲ್ಲ.

ಸಾವಕ್ಕನ ಹೆಬ್ಬೆಟ್ಟು
ಚನ್ನಮ್ಮ ಓದಿದಳು. ಎಲ್ಲ ಇದೆ ಎಂದಳು.

*

ಲಕ್ಷ್ಮೇಶ್ವರ
೨೮ ಮೇ ೨೦೨೫

ಲೋಹಿತ,

ಹನ್ನೊಂದಕ್ಕೆ ಪೋಸ್ಟಿನಲ್ಲಿ ನಿನ್ನ ಇಪ್ಪತ್ನಾಲ್ಕರ ಕಾಗದ ಬಂತು. ಓದುತ್ತಿದ್ದಂತೆ ಎದ್ದು ನಿಂತೆ. ಬ್ಲಾಕ್ ತೆಗೆದು ಫೋನ್ ಮಾಡಿದೆ, ಹತ್ತಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿ ಬಂದರೆ ಡ್ರೈವರ್ ನನ್ನ ಹೆಸರು ಕೇಳುತ್ತ ನಿಂತಿದ್ದ. ಒಂದು ಗಂಟೆಯೊಳಗೆ ಒಂದೇ ಕೈಬರಹದ ಎರಡು ಕಾಗದ. ಒಂದರಲ್ಲಿ ನೀನು ನಗುತ್ತಿದ್ದೀ. ಅದನ್ನು ಅಬ್ಬಾನಿಗೆ ಓದಿ ಹೇಳಲು ಹೋದೆ, ಅರ್ಧಕ್ಕೆ ನಿಲ್ಲಿಸಿದೆ.

ಯಾರನ್ನೂ ಒಳಗೆ ಬಿಡಬೇಡ. ನೀನೂ ಮೇಲೆ ಏರಬೇಡ. ಉಳಿದ ಐದು ಮನೆಗೆ ಈಗಲೇ ಹೋಗಿ, ಸದ್ಯಕ್ಕೆ ಆಗುವುದಿಲ್ಲ ಎಂದು ಹೇಳು. ಅಬ್ಬಾ ತೊಲೆಗಳಿಗೆ ಆಸರೆ ಕೊಡುವ ಕಂಬ ಹೊಂದಿಸುತ್ತಿದ್ದಾರೆ. ಟೆಂಪೋ ಸಿಕ್ಕ ಕೂಡಲೇ ಹೊರಡುತ್ತೇವೆ. ಬಸ್ಸು ಈಗ ಬಿಡುತ್ತದೆ, ಈ ಕಾಗದ ನಮಗಿಂತ ಮುಂಚೆ ಮುಟ್ಟಲಿ.

ಇನ್ನೊಂದು. ಆ ದಿನ ಬರೆಯುವಾಗ, ಇದು ನಿನಗೆ ಆಟ ಅನ್ನಿಸಬಹುದು ಎಂದು ನನಗೆ ಹೊಳೆದಿತ್ತು. ಒಂದು ಫೋನ್ ಮಾಡಿ, ಇದು ಖರೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಂಬದಿದ್ದರೆ ಬಿಡಲಿ, ಅವನಿಗೂ ತಿಳಿಯಲಿ ಎಂದು ಸುಮ್ಮನಾದೆ. ಚನ್ನಮ್ಮನ ಕೈ ಮುರಿದದ್ದರಲ್ಲಿ ನಾನೂ ಇದ್ದೇನೆ.

ರಮೀಜ

*

ಬೆಟಗೇರಿ
೧೬ ಜೂನ್ ೨೦೨೫

ರಮೀಜ,

ಬಿರುದು ಬರೆಯಲು ಕೂತೆ. ಆಗಲಿಲ್ಲ.

ನೀವು ಬಿದ್ದ ಅಂಕಣ ಕಟ್ಟಿ, ನನ್ನ ಮಣ್ಣೆಲ್ಲ ತೆಗೆದು ಸವಳು ಹಾಕಿ ಹೋದ ಮೇಲೆ ಎರಡು ದೊಡ್ಡ ಮಳೆ ಬಂದವು. ಮಾಳಿಗೆ ಒಂದು ಹನಿಯನ್ನೂ ಕೆಳಗೆ ಬಿಟ್ಟಿಲ್ಲ. ಸಾವಕ್ಕ ಪ್ರತಿ ಸಲವೂ ಅಂಗೈ ಚಾಚಿ ತೊಲೆಯ ಕೆಳಗೆ ನಿಂತು ನೋಡುತ್ತಾಳೆ. ಅಂಗಳದಲ್ಲಿ ಮಂಚ ಹಾಕಿಸಿಕೊಂಡು ಕೂತು, ಬುಟ್ಟಿ ಬುಟ್ಟಿಗೂ ಚಿಟಿಕೆ ಮಣ್ಣು ಬಾಯಿಗೆ ಹಾಕಿ, "ಹೂಂ, ಒಯ್ಯಿ" ಎನ್ನುತ್ತಿದ್ದ ಚಾಚಾನ ಮುಖ ನನಗೆ ಕಣ್ಣು ಮುಚ್ಚಿದರೆ ಕಾಣುತ್ತದೆ. ಬಕ್ರೀದ್ ಒಂದು ದಿನ ಬಿಟ್ಟು ನೀವು ಊರಿಗೆ ಹೋಗಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ.

ಚನ್ನಮ್ಮನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ದಿನವೂ ಬೆಳಗ್ಗೆ ಅವಳು ಎಡಗೈಯಲ್ಲಿ ತೋರಿಸುತ್ತಾಳೆ, ನಾನು ಬಡಿಯುತ್ತೇನೆ. ನಿನ್ನೆ ನನ್ನ ರೊಟ್ಟಿ ನೋಡಿ, "ಇದ ರೊಟ್ಟಿ ಅಲ್ಲೋ, ಜಿಲ್ಲಾ ನಕಾಶಿ ಆಗೈತಿ. ಶಿರಹಟ್ಟಿ ಕಡೆ ಒಂಚೂರು ತಟ್ಟು" ಎಂದಳು. ಬಸ್ ಡ್ರೈವರುಗಳು ಮುಖ ಸಿಂಡರಿಸಿಕೊಂಡೇ ತಿನ್ನುತ್ತಿದ್ದಾರೆ. ಮೊನ್ನೆ ಪ್ಲಾಸ್ಟರಿನ ತುದಿಯಲ್ಲಿ ಅವಳು ಬೆರಳು ಮಡಚಲು ನೋಡುತ್ತಿದ್ದಳು, ಎರಡು ಮಡಚಿದವು, ಮೂರು ಹಾಗೇ ನಿಂತವು. ನಾನು ನೋಡಿದೆನೆಂದು ತಿಳಿದು ಸೆರಗು ಮುಚ್ಚಿಕೊಂಡಳು.

ಬಸ್ ಹತ್ತುವಾಗ ನೀನು ಹೇಳಿದೆ: "ಆದದ್ದಾತು. ಇಬ್ರೂ ತಪ್ಪ ಮಾಡೀವಿ. ಟ್ಯಾಂಕ್ ತೊಳ್ಯಾಕ ಬ್ರಷ್ ತಂದಿಡು, ಇಪ್ಪತ್ಮೂರರ ಸೋಮವಾರ ಬರ್ತೀನಿ." ನಾನು ಹೂಂ ಎಂದೆ. ನೀನು ಬೆನ್ನಿಗೆ ಒಂದು ಗುದ್ದಿದೆ. ಆ ಗುದ್ದು ಬಿದ್ದಾಗಿನಿಂದ ಈ ಕಾಗದವನ್ನು ಬರೆಯುತ್ತ ಹರಿಯುತ್ತ ಇದ್ದೇನೆ.

ಈಗ ನನ್ನ ನಂಬರಿನಿಂದ ಫೋನ್ ಹತ್ತುತ್ತದೆ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಡುವೆ ಎಲ್ಲೋ ನಕ್ಕುಬಿಡುತ್ತೇನೆ, ನೀನು ಇದನ್ನೂ ಆಟ ಎಂದುಕೊಳ್ಳುತ್ತೀ. ನಾಳೆ ಹಿಟ್ಟು ನಾದುವ ಮುಂಚೆ ಚನ್ನಮ್ಮನಿಗೂ ಸಾವಕ್ಕನಿಗೂ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕು, ಅದಕ್ಕೆ ಇದನ್ನು ಇವತ್ತಿನ ಬಸ್ಸಿನ ಡ್ರೈವರನ ಕೈಯಲ್ಲೇ ಕಳಿಸುತ್ತಿದ್ದೇನೆ. ಸೋಮವಾರ ಬರುವುದು ಬಿಡುವುದು ಇದನ್ನು ಓದಿದ ಮೇಲೆ ನೋಡು.

ನಿನ್ನದು ಏನೂ ತಪ್ಪಿಲ್ಲ. ನಿನ್ನ ಕಾಗದ ಚಾಷ್ಟಿ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ನಿನಗೆ ಚಾಷ್ಟಿ ಮಾಡಲು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಂದು ಯಳವತ್ತಿ ಹಳ್ಳ ತುಂಬಿ ಹರಿಯುತ್ತಿತ್ತು. ಹೊನ್ನೇಶ ಟ್ರ್ಯಾಕ್ಟರ್ ನಿಲ್ಲಿಸಿ, "ಹಿರ್ಯಾರು ಆಚಿ ದಂಡೀದ ಮಣ್ಣ ಒಯ್ತಿದ್ರಪಾ. ಇವತ್ತ ದಾಟಾಕ ಆಗಂಗಿಲ್ಲ, ನಾಕ ದಿನ ಬಿಟ್ಟ ಬರೂಣೇನು?" ಎಂದ. ಸಾವಕ್ಕನಿಗೆ ನಾಳೆ ಎಂದು ಮಾತು ಕೊಟ್ಟಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನೀನಿಲ್ಲದೆಯೂ ನನ್ನಿಂದಾಗುತ್ತದೆ ಎಂದು ನಿನಗೆ ಬರೆಯಬೇಕಿತ್ತು, ಆ ಕಾಗದದ ಸಾಲುಗಳು ಆಗಲೇ ತಲೆಯಲ್ಲಿ ಸಿದ್ಧವಾಗಿದ್ದವು. ಈಚೆ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಹೊನ್ನೇಶ ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿದಾಗ, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡೆ. ಆಮೇಲೆ ಎದ್ದು, "ಇದ ನಡೀತೈತಿ, ಹೇರು" ಎಂದೆ.

ಸಪ್ಪಗಿತ್ತು.

ಲೋಹಿತ